ಹನ್ನೆರಡು ತಟ್ಟೆಗಳ ಕಲಾಯಿ

ತಟ್ಟೆ ನೋಡಿದರೆ ಸಾಕು, ಆ ಮನೆಯಲ್ಲಿ ಎಷ್ಟು ಮಂದಿ ಉಣ್ಣುತ್ತಾರೆಂದು ನಾನು ಹೇಳಬಲ್ಲೆ. ದಿನಾ ಉಂಡು ತೊಳೆದರೆ ವರ್ಷಕ್ಕೆ ಕಲಾಯಿ ಸವೆದು ತಾಮ್ರ ಕೆಂಪಗೆ ಕಾಣುತ್ತದೆ. ಉಣ್ಣದೆ ಇಟ್ಟಿದ್ದು ಬೆಳ್ಳಗೇ ಇರುತ್ತದೆ.

ಹಿರೇಗುಂಟನೂರಿನ ಪಾಳೇಗಾರರ ಮನೆಗೆ ವರ್ಷಕ್ಕೊಮ್ಮೆ ಕಲಾಯಿ ಹಾಕಲು ಹೋಗುತ್ತಿದ್ದೆ. ಏಳು ಹಳ್ಳಿ ಆಳಿದ ವಂಶದಲ್ಲಿ ಉಳಿದಿದ್ದವರು ಮುದ್ದಕ್ಕ ಒಬ್ಬರೇ. ಆದರೂ ತೀರಿಹೋದವರದೂ ತಮ್ಮದೂ ಸೇರಿ, ಒಬ್ಬೊಬ್ಬರ ಹೆಸರು ಕೊರೆಸಿದ ಹನ್ನೆರಡು ತಟ್ಟೆ ತಂದಿಡುವರು. ಹನ್ನೆರಡೂ ಸವೆದಿರುತ್ತಿದ್ದವು. ಉರಿಬಿಸಿಲಲ್ಲೂ ಕೈಗೆ ತಣ್ಣಗೆ, ಒದ್ದೆಯಾಗಿ ತಾಗುತ್ತಿದ್ದವು.

"ಅಮ್ಮಾರೆ, ಇರೋದು ನೀವೊಬ್ರು. ಒಂದಕ್ಕೆ ಹಾಕಿದ್ರೆ ಸಾಲ್ದಾ?" ಎಂದೆ.

"ಏನಪ್ಪ ಕಲಂದರ್, ಇಷ್ಟು ಜನಾನ ಬಿಟ್ಟು ನಾನೊಬ್ಳೇ ಉಣ್ಲಾ?" ಎಂದರು.

ಪಾಪ, ಬುದ್ಧಿ ಕೆಟ್ಟಿದೆ, ಒಬ್ಬರೇ ಕೂತು ಹನ್ನೆರಡನ್ನೂ ಉಜ್ಜುತ್ತಾರೆ ಎಂದುಕೊಂಡೆ.

ಎಪ್ಪತ್ತಾರನೇ ಇಸವಿಯಲ್ಲಿ ನಾನು ಕಲಾಯಿ ಹಾಕಿಕೊಟ್ಟ ಮರುದಿನವೇ ಅವರು ತೀರಿಕೊಂಡರು. ಮನೆಗೆ ಬೀಗ ಬಿತ್ತು. ಮರುವರ್ಷ ದೂರದ ನೆಂಟ ಜುಂಜಣ್ಣ ನನ್ನೆದುರೇ ಆ ತುಕ್ಕು ಹಿಡಿದ ಬೀಗ ಒಡೆದ. ನಡುಮನೆಯಲ್ಲಿ ತಟ್ಟೆಗಳು ಸಾಲಾಗಿದ್ದವು.

"ಕಲಾಯಿ ಹಾಕ್ಕೊಡಪ್ಪ, ಮಾರಾಣ" ಅಂದ.

ಹನ್ನೊಂದು ತಟ್ಟೆ ಸವೆದು ಕೆಂಪಗಾಗಿದ್ದವು, ಒದ್ದೆಯಾಗಿದ್ದವು. ಮುದ್ದಕ್ಕನ ಹೆಸರಿನದೊಂದೇ ಧೂಳು ಹಿಡಿದಿತ್ತು. ಒರೆಸಿ ನೋಡಿದೆ. ನಾನು ಹಾಕಿಕೊಟ್ಟ ಕಲಾಯಿ ಬೆಳ್ಳಗೆ ಹಾಗೇ ಇತ್ತು.