ಏರಿಗೆ ಒಂದೇ ಗೇಣು

“ಕೈ ಹೊರಗ ತೆಗಿಲೇ, ಉರುಕುಂದಾ! ಇಲ್ಲಾಂದ್ರ ರುಂಡ ಹಾರಿಸ್ತೀನಿ!”

ನನ್ನ ಕುತ್ತಿಗೆಯ ಮೇಲೆ ಬೂದೆಪ್ಪನ ಕುಡಗೋಲು. ಎದೆಮಟ್ಟ ಹೊಲಸು ನೀರು. ಮೇಲೆ ಕಾರ್ತಿಕದಲ್ಲಿ ಬರಬಾರದ ಮಳೆ!

ಕೈ ಮಾತ್ರ ಮೋರಿಯ ಬಾಯಲ್ಲೇ ಇತ್ತು... ಕಲ್ಲು ಕೀಳುತ್ತಿತ್ತು.

ನಿಜಾಮರ ಆಳ್ವಿಕೆ ಹೋಗಿ ಒಂದು ವರ್ಷ. ರಾಯಚೂರಿನಲ್ಲಿ ಏನೇ ಕಳೆದರೂ ಜನ ನನ್ನ ಹತ್ತಿರವೇ ಬರುತ್ತಿದ್ದರು. ಕದ್ದ ಎತ್ತನ್ನು ಮಾನ್ವಿ ಸಂತೆಯಲ್ಲಿ ಹಿಡಿದವನು ನಾನು. ಓಡಿಹೋದ ಅಳಿಯನನ್ನು ದೇವದುರ್ಗದಿಂದ ಎಳೆದು ತಂದವನೂ ನಾನೇ. ಹುಡುಕುವುದೇ ನನ್ನ ದಂಧೆ.

ಜೊತೆಗೆ ಗಟ್ಟಿ ಕೆಲಸವಿದ್ದರೂ ನನಗೇ ಹೇಳುತ್ತಿದ್ದರು.

ಊರ ಹೊಲಸು ಮೊಹರಂ ಬೆಂಕಿ ಹಾಕುವ ಆಲಾಯಿ ಕುಣಿಯ ಪಕ್ಕದಿಂದ ಬೂದೆಪ್ಪನ ಹೊಲಕ್ಕೆ ಹರಿಯುತ್ತದೆ. ದೇವರು ಕೂಡ್ರುವ ಹತ್ತು ದಿನ ಅದು ಹರಿಯಬಾರದು. ಮೋರಿ ಮುಚ್ಚುವುದು ರೂಢಿ. ಈ ಸಲ ರಾತ್ರಿ ಒಬ್ಬನೇ ನಿಂತು ಮುಚ್ಚಿದೆ. ಕಲ್ಲು, ಕರಿಮಣ್ಣು... ಫಸ್ಟ್‌ಕ್ಲಾಸ್ ಕೆಲಸ! ದೇವರನ್ನು ಹೊಳೆಗೆ ಕಳಿಸಿದ ದಿನವೇ ತೆಗೆಯಬೇಕಿತ್ತು. ಕುಣಿದು ಸುಸ್ತಾಗಿ ಎರಡು ದಿನ ಮಲಗಿಬಿಟ್ಟೆ!

ಈಗ ಮೋರಿಯ ಹಿಂದೆ ಹೊಲಸು ನಿಂತು ಹೊಂಡವೇ ತುಂಬಿದೆ. ಏರಿಗೆ ಒಂದೇ ಗೇಣು ಬಾಕಿ. ಏರಿಯಾಚೆ ಊರು ಕುಡಿಯುವ ಕೆರೆ!

ಹೋದ ವರ್ಷ ನನ್ನ ಮಗಳು ಮೂಕಮ್ಮ ಕಾಲರಾಕ್ಕೆ ಹೋದಳು. ಏಳು ವರ್ಷದ ಕೂಸು. ಆ ಸಂಕಟ ಶತ್ರುವಿಗೂ ಬೇಡ...

“ಬೂದೆಪ್ಪಣ್ಣಾ, ಕೆರಿ ಕೆಡ್ತದೋ! ಊರಿಗೆ ಊರೇ ಸಾಯ್ತದ!”

“ಉಳ್ಳಾಗಡ್ಡಿ ಕಿತ್ತು ಹೊಲದಾಗ ಹಾಕೀನಿ. ಮೋರಿ ಬಿಟ್ರ ನಾ ಏನ್ ಮಣ್ಣು ತಿನ್ಲಿ?”

ಕುಡಗೋಲು ಒತ್ತಿತು. ರಕ್ತ ಬಿಸಿಯಾಗಿ ಇಳಿಯಿತು. ನೀರು ಇನ್ನೂ ನಾಲ್ಕು ಬೆರಳು ಏರಿತು...

ಅಷ್ಟರಲ್ಲಿ ಏರಿಯ ಮೇಲೆ ಒಬ್ಬ ಹೆಂಗಸು. ಸೊಂಟದಲ್ಲಿ ಕೊಡ. ಬೂದೆಪ್ಪನ ಹೆಂಡತಿ ಅಮರಮ್ಮ!

“ಅಲ್ಲಿ ನೋಡೋ, ಯಣ್ಣಾ! ಆ ಕೊಡದ ನೀರು ಯಾರು ಕುಡಿಯೋರು?”

ಬೂದೆಪ್ಪ ತಿರುಗಿದ. ಅವನ ಮನೆಯಲ್ಲಿ ಬಾಣಂತಿ ಮಗಳಿದ್ದಳು, ಎಳೆಗೂಸಿತ್ತು.

ಕುಡಗೋಲು ಮೇಲೆದ್ದಿತು. ಕಣ್ಣು ಮುಚ್ಚಿದೆ. ಮುಗೀತು ನನ್ನ ಕತೆ!

ಧಪ್!

ಏಟು ಬಿದ್ದದ್ದು ಕರಿಮಣ್ಣಿಗೆ. ಬೂದೆಪ್ಪ ನನ್ನ ಪಕ್ಕಕ್ಕೇ ಹಾರಿದ್ದ!

ಇಬ್ಬರೂ ಅಗೆದೆವು. ಉಗುರು ಕಿತ್ತುಬಂದವು. ಕಡೆಯ ಕಲ್ಲು ಸರಿದದ್ದೇ ತಡ, ಹೊಲಸು ಹೊಲದ ಕಡೆ ನುಗ್ಗಿತು. ಏರಿಗೆ ಎರಡೇ ಬೆರಳು ಉಳಿದಿತ್ತು. ಕೆರೆ ಉಳಿಯಿತು.

ಬೂದೆಪ್ಪನ ಉಳ್ಳಾಗಡ್ಡಿ ತೇಲಿಹೋಯಿತು. ಅವನು ಅಳುತ್ತಲೇ ಕುಡಗೋಲು ಎತ್ತಿಕೊಂಡ.

“ಇಷ್ಟು ಬಿಗಿ ಮುಚ್ಚಿದ ಭಾಡ್ಯಾ ಯಾರಲೇ? ಹುಡುಕಿಕೊಡು. ಅವನ ಕೈ ಕಡೀತೀನಿ!”

“ಹುಡುಕ್ತೀನಿ, ಯಣ್ಣಾ.”

ಊರಲ್ಲಿ ಕಳೆದದ್ದನ್ನೆಲ್ಲ ಹುಡುಕಿಕೊಟ್ಟೆ. ಆ ಕೇಸ್ ಒಂದು ಮಾತ್ರ ಇವತ್ತಿಗೂ ಪತ್ತೆಯಾಗಿಲ್ಲ!