ಡಿನ್ನರ್ ಹೊತ್ತಿಗೆ ಹಾಕಿದ ಬೀಗ

ಒದ್ದೆ ಉಣ್ಣೆ, ಯಂತ್ರದೆಣ್ಣೆ. ನಾನು ಚಿಕ್ಕವಳಿದ್ದಾಗ ಅಪ್ಪ ಗಿರಣಿಯಿಂದ ಬಂದರೆ ಅವನ ಕೋಟಿನಿಂದ ಬರುತ್ತಿದ್ದ ವಾಸನೆ. ಲೀಡ್ಸ್‌ನ ಆ ಗಿರಣಿ ಮುಚ್ಚಿ ಇಪ್ಪತ್ತು ವರ್ಷವಾದರೂ ನಮ್ಮ ಮನೆಯಡಿಯ ನೆಲಮಾಳಿಗೆಯಲ್ಲಿ ಅದು ಹಾಗೇ ಉಳಿದಿತ್ತು. ಎಂಬತ್ತಮೂರನೇ ಇಸವಿಯ ಆ ಗುರುವಾರ ಬೆಳಿಗ್ಗೆ ಮೆಟ್ಟಿಲಿಳಿದಾಗ ಮೊದಲು ಆ ವಾಸನೆ ಬಂತು. ಆಮೇಲೆ ನೆರೆಮನೆಯ ಡೋರೀನಳ ಅಳು.

ಶೆಲ್ಫ್ ಖಾಲಿ. ಟೇಪು ಇಲ್ಲ!

ಇದ್ದದ್ದು ಒಂದೇ ಪ್ರತಿ. ಕಪ್ಪು ಬಟ್ಟೆಯ ಮೂವರ ಬ್ಯಾಂಡು ಚಳಿಗಾಲವಿಡೀ ಅಲ್ಲಿ ಕೂತು ಧ್ವನಿಮುದ್ರಿಸಿದ ಆಲ್ಬಮ್ — ಸಮಾಧಿಯೊಳಗಿಂದ ಹಾಡಿದಂಥ ದನಿ, ಗರಗಸದಂತೆ ಕೊರೆಯುವ ಗಿಟಾರು, ಅದರಡಿಯಲ್ಲಿ ಡೋರೀನಳ ಮಗ ಕೀತ್‌ನ ಡ್ರಮ್ಮು. ಕೀತ್ ನ್ಯುಮೋನಿಯಾದಿಂದ ತೀರಿಕೊಂಡು ಐದು ವಾರ. ಅವನ ಕೈಬಡಿತ ಉಳಿದಿದ್ದದ್ದು ಆ ಟೇಪಿನಲ್ಲಿ ಮಾತ್ರ. ಅಂದು ಅವಳಿಗೆ ಮೊದಲ ಸಲ ಕೇಳಿಸುತ್ತೇವೆಂದು ಮಾತು ಕೊಟ್ಟಿದ್ದರು.

ಮೇಲಿನ ಮನೆ ನನ್ನದು. ಕೀತ್‌ನ ಕೆಮ್ಮು ಹಲಗೆಗಳ ಸಂದಿಯಿಂದ ಕೇಳಿಸುತ್ತಿತ್ತು. ನಾನು ಮಾಡಿದ್ದೇನು? ಗದ್ದಲ ನಿಲ್ಲಲಿ ಎಂದು ಪೊರಕೆಯ ಹಿಡಿಯಿಂದ ನೆಲ ಕುಟ್ಟಿದೆ. ಒಂದು ಬಟ್ಟಲು ಸೂಪು ಒಯ್ದು ಕೊಡಲಿಲ್ಲ.

ನನ್ನ ಅಕ್ಕ ಐವಿಯನ್ನು ಕರೆಸಿದೆ. ಮೂವತ್ತು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಜನರ ಮಾತು ಕೇಳಿದವಳು. ನೆಲಮಾಳಿಗೆಯ ಬೀಗದ ಕೈ ಇದ್ದದ್ದು ಬ್ಯಾಂಡಿನಲ್ಲಿ ಉಳಿದ ಇಬ್ಬರ ಬಳಿ. ಅವಳು ಕೇಳಿದಳು, ನಾನು ಬರೆದುಕೊಂಡೆ.

"ನೀನು ನಿನ್ನೆ ಯಾವಾಗ ಬಂದಿದ್ದೆ, ಲಿನೆಟ್?"

"ನಾಲ್ಕಕ್ಕೆ. ಐದಕ್ಕೆ ಟೀಗೆ ಅಂತ ಮನೆಗೆ ಹೋದೆ," ಎಂದಳು ಬೇಸ್ ಗಿಟಾರಿನ ಹುಡುಗಿ. "ಟೇಪು ಶೆಲ್ಫಲ್ಲೇ ಇತ್ತು. ಕೀತ್ ಆಣೆ!"

"ಒಬ್ಬಳೇ ಇದ್ದೆಯಾ?"

"ಹೂಂ. ಯಾಕಾಂಟಿ? ಕಣ್ಣಿಗೆ ಕಾಡಿಗೆ ಹಚ್ಚಿದೋರೆಲ್ಲ ಕಳ್ರಾ?"

"ಹಚ್ಚಿರೋದು ಸ್ವಲ್ಪಾನಾ? ಕಲ್ಲಿದ್ದಲ ಗಣಿಗೆ ಇಳಿದು ಬಂದಂಗಿದೀಯ. ನೀನು ಹೇಳಪ್ಪಾ, ಕ್ರಿಸ್ಪಿನ್?"

ಹಾಡುಗಾರ ಕ್ರಿಸ್ಪಿನ್ ದೂರದ ದಕ್ಷಿಣದವನು; ನಮ್ಮೂರಿಗೆ ಬಂದು ನಾಲ್ಕು ತಿಂಗಳಾಗಿತ್ತು. "ಡಿನ್ನರ್ ಹೊತ್ತಿಗೆ ಬೀಗ ಹಾಕ್ಕೊಂಡು ಹೋದೆ, ಆಂಟಿ."

ನಮ್ಮೂರ ಲೆಕ್ಕದಲ್ಲಿ ಬರೆದುಕೊಂಡೆ: ಕ್ರಿಸ್ಪಿನ್ — ಮಧ್ಯಾಹ್ನ ಹನ್ನೆರಡು.

"ಹಾಗಾದರೆ ಕೊನೆಗೆ ಹೋದವಳು ಲಿನೆಟ್," ಎಂದೆ. ಡೋರೀನ್ ಅವಳ ಕಡೆ ನೋಡಲೇ ಇಲ್ಲ. ಕ್ರಿಸ್ಪಿನ್ ತನ್ನ ಬೂಟು ನೋಡುತ್ತ ನಿಂತಿದ್ದ.

ಆದರೂ ಮಧ್ಯಾಹ್ನ ಡೋರೀನ್ ಎಲ್ಲರಿಗೂ ಕುರಿಮಾಂಸ, ಆಲೂಗಡ್ಡೆ ಬೇಯಿಸಿ ಬಡಿಸಿದಳು. ಉಂಡಾದ ಮೇಲೆ ಕ್ರಿಸ್ಪಿನ್ ಲಿನೆಟ್‌ಳ ತಟ್ಟೆಯನ್ನೂ ತಾನೇ ಎತ್ತಿಕೊಂಡ.

"ಲಂಚ್ ತುಂಬಾ ಚೆನ್ನಾಗಿತ್ತು, ಡೋರೀನಮ್ಮ."

ಇನ್ನೂ ಉಣ್ಣುತ್ತಿದ್ದ ಐವಿಯ ಚಮಚ ಅರ್ಧದಲ್ಲೇ ನಿಂತಿತು.

"ಏನಂದೆ? ಇದು ಲಂಚಾ? ಹಾಗಾದ್ರೆ ನಿಂಗೆ ಡಿನ್ನರ್ ಎಷ್ಟು ಗಂಟೆಗಪ್ಪಾ?"

ಅವನು ತಟ್ಟೆಗಳನ್ನು ಮತ್ತೆ ಮೇಜಿನ ಮೇಲಿಟ್ಟ. "ರಾತ್ರಿ... ಎಂಟಕ್ಕೆ."

"ನಿನ್ನ ಪುಸ್ತಕ ತಿದ್ದು, ತಂಗಿ," ಎಂದಳು ಐವಿ. "ನಮ್ಗೆ ಮಧ್ಯಾಹ್ನದ ಊಟ ಡಿನ್ನರ್, ಸಂಜೆ ಊಟ ಟೀ. ಇವ್ರ ಕಡೆ ಡಿನ್ನರ್ ಅಂದ್ರೆ ರಾತ್ರಿ ಊಟ. ಹುಡುಗ ಸುಳ್ಳು ಹೇಳ್ಲಿಲ್ಲ, ನಾವೇ ನಮ್ಮೂರ ಕಿವೀಲಿ ಕೇಳಿಸ್ಕೊಂಡ್ವಿ. ಲಿನೆಟ್ ಹೋದ್ಮೇಲೆ ಒಳಗೆ ಬಂದೋನು, ಕೊನೇ ಬೀಗ ಹಾಕ್ದೋನು — ಇವ್ನೇ. ಅವಳ ಮೇಲೆ ಅಪವಾದ ಬಂದಾಗ್ಲೂ ಸುಮ್ನಿದ್ದ."

"ನನ್ನ ಹಾಸಿಗೆ ಕೆಳಗಿದೆ," ಎಂದ ಕ್ರಿಸ್ಪಿನ್. "ಅಳಿಸೋಕೆ ಕೈ ಬರ್ಲಿಲ್ಲ."

"ಯಾಕೋ ಹಾಗ್ಮಾಡ್ದೆ?" ಡೋರೀನ್ ಕೇಳಿದಳು.

"ಕೊನೇ ಹಾಡು ಮುಗಿದ್ಮೇಲೂ ಟೇಪು ಓಡ್ತಾ ಇತ್ತು. 'ಜ್ವರ ಸುಡ್ತಿದೆ ಕಣೋ, ಮನೆಗೆ ಹೋಗ್ತೀನಿ' ಅಂತಾನೆ ಕೀತ್. 'ಇನ್ನೊಂದ್ಸಲ ಬಾರ್ಸು' ಅಂತೀನಿ ನಾನು. ಅದು ಹನ್ನೊಂದನೇ ಸಲ. ನೀವು ಅದನ್ನ ಕೇಳ್ಬಾರ್ದು ಅಂತ..."

"ನನ್ನನ್ನ ಕಳ್ಳಿ ಮಾಡಿದ್ಯಲ್ಲೋ, ದರಿದ್ರದೋನೆ!" ಎಂದ ಲಿನೆಟ್ ಅವನ ಜೊತೆಗೇ ಹೋಗಿ ಟೇಪು ತಂದಳು.

ಸಂಜೆ ನೆಲಮಾಳಿಗೆಯಲ್ಲಿ ಡೋರೀನ್ ಟೇಪನ್ನು ಪೂರ್ತಿ ಕೇಳಿದಳು. ಡ್ರಮ್ಮು, ಕೆಮ್ಮು, ಆ ಎರಡು ಮಾತು. ಅದರ ಮೇಲೆ ಠಕ್ ಠಕ್ ಠಕ್ — ನನ್ನ ಪೊರಕೆ. ನಾನು ತಲೆ ಎತ್ತಲಿಲ್ಲ.

ಡೋರೀನ್ ಎದ್ದು ಮನೆಗೆ ಹೋದಳು. ಬಾಣಲೆಯ ಸದ್ದು ಕೇಳಿಸಿತು. ವಾಪಸು ಬಂದಾಗ ಕೈಯಲ್ಲಿ ಎರಡು ತಟ್ಟೆ — ಕರಿದ ಮೊಟ್ಟೆ, ಆಲೂಗಡ್ಡೆ. ಒಂದನ್ನು ಕ್ರಿಸ್ಪಿನ್ ಕೈಗಿಟ್ಟಳು, ಇನ್ನೊಂದನ್ನು ನನ್ನ ಕೈಗೆ.

"ಟೀ," ಎಂದಳು ಮೆಲ್ಲಗೆ.