ಮೊಟ್ಟೆ ಸುಲಿಯದ ಮಂತ್ರಿ

"ಮಂತ್ರಿ ಆದೋಳು ಮೊಟ್ಟೆ ಸುಲೀತಾ ಕೂತ್ಕೊಂತಾಳಾ? ಏಳೇ ಮ್ಯಾಕೆ!"

ಹೀಗೆ ಗದರಿದವನು ಏಳನೇ ಕ್ಲಾಸಿನ ನಟರಾಜು. ಬರೀ ಏಳನೇ ಕ್ಲಾಸು ಅಂದರೆ ಅವನಿಗೆ ಸಿಟ್ಟು ಬಂದೀತು. ಅರಕಲಗೂಡಿನ ಹತ್ತಿರದ ಆ ಪುಟ್ಟ ಸರ್ಕಾರಿ ಶಾಲೆಗೆ ಅವನು ಪ್ರಧಾನಮಂತ್ರಿ. ಅಂಗಿಯ ಮೇಲೆ ರೊಟ್ಟಿಯಷ್ಟು ಅಗಲದ ಬ್ಯಾಡ್ಜು.

ಶೋಭಿತಾ ತಟ್ಟನೆ ಎದ್ದು ನಿಂತಳು. ಅವಳು ಸುಲಿಯಲು ಎತ್ತಿಕೊಂಡಿದ್ದ ಮೊಟ್ಟೆ ಒಂದನೇ ಕ್ಲಾಸಿನ ಮಾನಸಾಳ ತಟ್ಟೆಗೆ ವಾಪಸ್ಸು ಹೋಯಿತು.

"ಮತ್ತೆ ನಾನೇನ್ ಮಾಡ್ಲಿ?"

"ಸೂಪರ್‌ವೈಸ್ ಮಾಡು."

"ಅಂಗಂದ್ರೆ?"

"ನೋಟ್‌ಬುಕ್ ಇಡ್ಕೊಂಡು ನಿಂತ್ಕೊ. ನೋಡು, ಬರ್ಕೊ. ಮುಖ ವಸಿ ಗಂಟಾಕ್ಕೊ. ಅಷ್ಟೇಯ."

ಆ ಶಾಲೆಯಲ್ಲಿ ಪ್ರತಿ ಜೂನ್‌ನಲ್ಲಿ ಶಾಲಾ ಸಂಸತ್ತಿನ ಚುನಾವಣೆ. ಗೆದ್ದವರು ಮಂತ್ರಿಗಳು. ಈ ಸಲ ಸೋತವರೆಲ್ಲ ಒಟ್ಟಿಗೆ ಅಳಲು ಶುರುಮಾಡಿದ್ದರಿಂದ, ಕಿವಿ ಮುಚ್ಚಿಕೊಳ್ಳಲಾರದೆ ನೀಲಾಂಬಿಕೆ ಮಿಸ್ ಅವರಿಗೂ ಒಂದೊಂದು ಖಾತೆ ಹುಟ್ಟಿಸಿಬಿಟ್ಟರು. ಗಂಟೆ ಮಂತ್ರಿ, ಸೀಮೆಸುಣ್ಣದ ಮಂತ್ರಿ, ಬಾಗಿಲು ಮಂತ್ರಿ, ಉಪ ಬಾಗಿಲು ಮಂತ್ರಿ. ದಿನಾ ಬಾಗಿಲು ತೆಗೆಯುತ್ತಿದ್ದವರು ಮಾತ್ರ ಬಿಸಿಯೂಟ ಮಾಡುವ ಮಾದಮ್ಮಜ್ಜಿ. ಬಾಗಿಲು ಮಂತ್ರಿ ಬಂದು ತಲುಪುವಷ್ಟರಲ್ಲಿ ಪ್ರೇಯರ್ ಮುಗಿದಿರುತ್ತಿತ್ತು.

ಆರು ಮತ್ತು ಏಳನೇ ಕ್ಲಾಸು ಸೇರಿ ಇಪ್ಪತ್ತೊಂದು ಮಕ್ಕಳು. ಅದರಲ್ಲಿ ಇಪ್ಪತ್ತು ಜನ ಮಂತ್ರಿಗಳು! ಬ್ಯಾಡ್ಜು ಹಂಚಿದ ದಿನ ಜ್ವರ ಬಂದು ಮಲಗಿದ್ದ ಆರನೇ ಕ್ಲಾಸಿನ ಶೋಭಿತಾ ಒಬ್ಬಳೇ ಪ್ರಜೆ. ಆಳುವುದಕ್ಕೆ ಇಪ್ಪತ್ತು ಜನ, ಆಳಿಸಿಕೊಳ್ಳುವುದಕ್ಕೆ ಒಬ್ಬಳು. ಪಾಪ, ಎಷ್ಟು ಜನರ ಮಾತು ಕೇಳಬೇಕು!

ಖಾತೆ ಗೀತೆ ಏನೂ ಇಲ್ಲದ್ದರಿಂದ ಅವಳು ಊಟದ ಹೊತ್ತಿನಲ್ಲಿ ಒಂದನೇ ಕ್ಲಾಸಿನ ಆರು ಮಕ್ಕಳ ಜೊತೆ ಕೂತು, ಅವರ ಮೊಟ್ಟೆ ಸುಲಿದು ಕೊಡುತ್ತಿದ್ದಳು. ಆ ಪುಟ್ಟ ಬೆರಳುಗಳಿಗೆ ಸಿಪ್ಪೆ ಜಗ್ಗುತ್ತಿರಲಿಲ್ಲ. ಶೋಭಿತಾ ನೆಲಕ್ಕೆ ಮೆಲ್ಲಗೆ ಕುಟ್ಟಿ, ಅಂಗೈಯಲ್ಲಿ ಉರುಳಿಸಿ, ದಪ್ಪ ತುದಿಯಿಂದ ಶುರು ಮಾಡಿದರೆ ಅಂಗಿ ಬಿಚ್ಚಿದ ಹಾಗೆ ಬಂದುಬಿಡುತ್ತಿತ್ತು.

ಈಗ ಆಹಾರ ಮಂತ್ರಿಯ ಅಪ್ಪನಿಗೆ ಚನ್ನರಾಯಪಟ್ಟಣಕ್ಕೆ ವರ್ಗವಾಗಿ, ಖಾತೆ ಖಾಲಿಯಾಗಿ, ಶೋಭಿತಾಳಿಗೂ ಒಂದು ಬ್ಯಾಡ್ಜು ಸಿಕ್ಕಿತ್ತು. ಅಮ್ಮನಂತೂ ಹಿಟ್ಟಿನ ಗಿರಣಿಯವರೆಗೂ ಹೋಗಿ, "ನಮ್ಮುಡ್ಗಿ ಮಂತ್ರಿ ಆಗವ್ಳೆ ಕಣಕ್ಕ" ಎಂದು ಸಾರಿ ಬಂದಿದ್ದಳು. ಅದಕ್ಕಿಂತ ದೊಡ್ಡ ವಿಷಯ ಇನ್ನೊಂದಿತ್ತು. ಶುಕ್ರವಾರ ಶಿಕ್ಷಣ ಇಲಾಖೆಯ ಸಾಹೇಬರು ಬರುತ್ತಾರೆ. ಚೆನ್ನಾಗಿ ವರದಿ ಓದಿದ ಐದು ಮಂತ್ರಿಗಳನ್ನು ಹಾಸನದ ಮಕ್ಕಳ ಸಂಸತ್ತಿಗೆ ಆರಿಸುತ್ತಾರೆ. ಶೋಭಿತಾಳಿಗೆ ಹಾಸನಕ್ಕೆ ಹೋಗಲೇಬೇಕಿತ್ತು.

ಸರಿ, ಬುಧವಾರ ಅವಳು ಮುಖ ಗಂಟುಹಾಕಿಕೊಂಡು ನಿಂತಳು. ಒಬ್ಬ ಹುಡುಗ ಮೊಟ್ಟೆಯನ್ನು ಪಕ್ಕದವನ ತಲೆಗೆ ಕುಟ್ಟಿದ. ಇನ್ನೊಬ್ಬ ಹಾಗೇ ಚಡ್ಡಿ ಜೇಬಿಗೆ ಇಳಿಸಿದ. ಮಾನಸಾ ಸಿಪ್ಪೆ ಸಮೇತ ಕಚ್ಚಿ, ಥೂ ಎಂದು ಉಗಿದಳು. ಮೊಟ್ಟೆ ಮಣ್ಣಿಗೆ ಉರುಳಿತು. ಕಾಂಪೌಂಡಿನ ಮೇಲಿದ್ದ ಕಾಗೆ ಬಂದು ಎತ್ತಿಕೊಂಡು ಹೋಯಿತು.

ಆಹಾರ ಮಂತ್ರಿ ಬರೆದುಕೊಂಡಳು: "ಮೊಟ್ಟೆ ವಿತರಣೆ ಉತ್ತಮ."

ಸಾರಿನ ಸೌಟು ಹಿಡಿದೇ ಮಾದಮ್ಮಜ್ಜಿ ಇಣುಕಿ ನೋಡಿದರು. "ಬರ್ದಿರೋದು ಬೋ ಚೆಂದಾಗದೆ ಕಣವ್ವ. ಆ ಕಾಗೇನೂ ಒಂದು ಸೈನ್ ಹಾಕುದ್ರೆ ಪೂರ್ತಿ ಆಯ್ತದೆ."

ಶೋಭಿತಾಳ ಮುಖ ಕೆಂಪಾಯಿತು. ಆದರೆ ಗುರುವಾರವೂ ಅವಳು ನಿಂತೇ ಇದ್ದಳು. ಗುರುವಾರವೂ "ಉತ್ತಮ." ಕಾಗೆ ಈ ಸಲ ಒಬ್ಬ ನೆಂಟನನ್ನೂ ಕರೆದುಕೊಂಡು ಬಂದಿತ್ತು.

ಶುಕ್ರವಾರ ಊಟದ ಹೊತ್ತಿಗೆ ಸರಿಯಾಗಿ ಸಾಹೇಬರ ಜೀಪು ಬಂತು. ಮಂತ್ರಿಮಂಡಲ ಜಗಲಿಯ ಮೇಲೆ ಸಾಲಾಗಿ ನಿಂತಿತು. ಬಾಗಿಲು ಮಂತ್ರಿ ಬಾಗಿಲ ಪಕ್ಕ, ಉಪ ಬಾಗಿಲು ಮಂತ್ರಿ ಬಾಗಿಲು ಮಂತ್ರಿಯ ಪಕ್ಕ. ಒಬ್ಬೊಬ್ಬರಾಗಿ ವರದಿ ಓದತೊಡಗಿದರು. ಶೋಭಿತಾ ತನ್ನ ವರದಿಯನ್ನು ತುಟಿಯಲ್ಲೇ ಓದಿಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಮಾನಸಾ ಮೊಟ್ಟೆ ಹಿಡಿದುಕೊಂಡು ಕಾಂಪೌಂಡಿನ ಕಡೆ ಹೊರಟಿದ್ದು ಕಣ್ಣಿಗೆ ಬಿತ್ತು.

"ಏ ಮಾನ್ಸಾ, ಎಲ್ಲಿಗೆ ಓಯ್ತಿದ್ದೀಯಾ?"

"ಕಾಗೆಗೆ ಕೊಟ್ಬುಟ್ ಬತ್ತೀನಿ ಕಣಕ್ಕ. ದಿನಾ ಅದೇ ತಾನೆ ತಿನ್ನೋದು?"

ಮಾನಸಾ ಅಳುತ್ತಿರಲಿಲ್ಲ. ಸ್ಲೇಟು ಒಳಗಿಟ್ಟು ಬರುತ್ತೇನೆ ಅನ್ನುವ ಹಾಗೆ ಹೇಳಿದಳು, ಅಷ್ಟೇ. ಅತ್ತಿದ್ದರೆ ಶೋಭಿತಾ ಇನ್ನೊಂದು ಐದು ನಿಮಿಷ ನಿಂತಿರುತ್ತಿದ್ದಳೋ ಏನೋ. ನೋಟ್‌ಬುಕ್ಕನ್ನು ಜಗಲಿಯ ಮೇಲಿಟ್ಟು ಕೆಳಗಿಳಿದಳು.

"ಬಾ ಇಲ್ಲಿ. ಕೊಡು ಇತ್ತ."

ಕೂತು, ಕುಟ್ಟಿ, ಉರುಳಿಸಿ, ದಪ್ಪ ತುದಿಯಿಂದ ಸುಲಿದಳು. ಅದನ್ನು ಕಂಡದ್ದೇ ತಡ, ಇನ್ನೂ ಐದು ತಟ್ಟೆಗಳು ಸರಸರನೆ ಅವಳ ಸುತ್ತ ಬಂದು ಕೂತವು.

"ಆಹಾರ ಮಂತ್ರಿ ಯಾರಪ್ಪಾ?" ಸಾಹೇಬರು ಕೇಳಿದರು.

"ಅವ್ಳೇ ಸಾ, ಅಲ್ಲಿ ಕೆಳಗ್ ಕೂತವ್ಳಲ್ಲಾ," ಎಂದ ನಟರಾಜು, ತನಗೂ ಅವಳಿಗೂ ಸಂಬಂಧವೇ ಇಲ್ಲ ಅನ್ನುವ ಹಾಗೆ.

"ಬಾಮ್ಮಾ, ವರದಿ ಓದು."

ಶೋಭಿತಾ ತಲೆಯೆತ್ತಿದಳು. ಕೈತುಂಬ ಸಿಪ್ಪೆ. ಹಾಸನದ ಬಸ್ಸು ಕಣ್ಣ ಮುಂದೆಯೇ ನಿಂತು ಹಾರ್ನ್ ಹೊಡೆದ ಹಾಗಾಯಿತು.

"ಇನ್ನೂ ನಾಕು ಮೊಟ್ಟೆ ಅವೆ ಸಾ. ಮುಗಿಸ್ಬುಟ್ ಬತ್ತೀನಿ."

ಸಾಹೇಬರು ವಾಚು ನೋಡಿಕೊಂಡರು. ಅವರು ಇನ್ನೂ ಮೂರು ಶಾಲೆಗಳ ಸಂಸತ್ತು ನೋಡಬೇಕಿತ್ತು. ಐದು ಹೆಸರು ಬರೆದುಕೊಂಡು ಜೀಪು ಹತ್ತಿದರು. ಆ ಐದರಲ್ಲಿ ಉಪ ಬಾಗಿಲು ಮಂತ್ರಿಯ ಹೆಸರೂ ಇತ್ತು. ಅವನ ವರದಿ ಬಹಳ ಉದ್ದವಾಗಿತ್ತಂತೆ.

ನಟರಾಜು ಓಡಿಬಂದ. "ಓಯ್ತಲ್ಲೇ ನಿನ್ ಹಾಸನ! ನಾಕು ಮೊಟ್ಟೆಗೋಸ್ಕರ ಯಾರಾರಾ ಬುಟ್ಕೊಡ್ತಾರಾ?"

"ಊಂ, ಓಯ್ತು." ಶೋಭಿತಾ ಮುಂದಿನ ಮೊಟ್ಟೆಯನ್ನು ನೆಲಕ್ಕೆ ಕುಟ್ಟಿದಳು. "ನೀನ್ ವಸಿ ಸರ್ಕೊ ನಟ್ರಾಜಾ, ಬೆಳಕಿಗ್ ಅಡ್ಡ ನಿಂತಿದ್ದೀಯಾ."

ಪ್ರಧಾನಮಂತ್ರಿ ಬ್ಯಾಡ್ಜು ಸಮೇತ ಪಕ್ಕಕ್ಕೆ ಸರಿದುಕೊಂಡ.

ಅಷ್ಟು ಹೊತ್ತಿಗೆ ಮಾನಸಾಳ ಮೊಟ್ಟೆ ಮುಗಿದಿತ್ತು. ಅವಳು ಹಳದಿ ಮೆತ್ತಿದ ಎರಡು ಕೈಗಳನ್ನೂ ನೋಡಿಕೊಂಡಳು. ಆಚೆ ಈಚೆ ನೋಡಿ, ಶೋಭಿತಾಳ ಲಂಗಕ್ಕೆ ಒಂದು ಕೈ ಒರೆಸಿದಳು. ಇನ್ನೊಂದು ಕೈಗೂ ಎಟುಕಲಿ ಎಂದು ಶೋಭಿತಾ ತುಸು ಇತ್ತ ಸರಿದು ಕೂತಳು.